ಇಲಿಯಾಸನ ಈಟಿ

ಇಲಿಯಾಸನಿಗೆ ತಲೆ ಕೆಟ್ಟಿದೆ ಎನ್ನುವವರು ನನ್ನ ಹೋಟೆಲಿನ ಬೆಂಚಿನ ಮೇಲೇ ಕೂತು, ನಾನು ಕರಿದ ಮಿರ್ಚಿಯನ್ನೇ ತಿಂದು ಹಾಗೆನ್ನುತ್ತಾರೆ. ತಿನ್ನಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಅಂದ ಮೇಲೆ ನನ್ನ ಉತ್ತರವನ್ನೂ ಕೇಳಿಸಿಕೊಂಡೇ ಏಳಬೇಕು. ನಾನು ಸುಮಂಗಲಾ. ಅಳವಂಡಿಯಿಂದ ಕೊಪ್ಪಳದ ಕಡೆ ಹೊರಟರೆ ಊರು ಮುಗಿಯುವಲ್ಲಿ, ಪಂಕ್ಚರ್ ಅಂಗಡಿಗೆ ಆತುಕೊಂಡು ನನ್ನ ತಗಡಿನ ಹೋಟೆಲಿದೆ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಧ್ಯಾಹ್ನ ರೊಟ್ಟಿ ಊಟ. ಬೋರಿನ ಕೆಲಸದವರು ನನ್ನಲ್ಲೇ ಉಣ್ಣುತ್ತಾರೆ, ಅವರ ಸಾಮಾನು ನನ್ನ ಹಿತ್ತಲಲ್ಲೇ ಬಿದ್ದಿರುತ್ತದೆ. ಇಲಿಯಾಸನ ಕಬ್ಬಿಣವನ್ನು ಕಾಯುತ್ತ ನನಗೇ ಅರ್ಧ ಕಮ್ಮಾರಿಕೆ ಬಂದಿದೆ.

ಇಲಿಯಾಸನ ಅಪ್ಪ ಉಮರಸಾಬ ಬಾವಿ ತೋಡುತ್ತಿದ್ದ. ಬೋರ್ ಕೊರೆಯುವ ಲಾರಿಗಳು ಬಂದ ಮೇಲೆ ಅವನ ಹಾರೆಗೆ ತುಕ್ಕು ಹಿಡಿಯಿತು, ಮಗ ಮಸ್ಕತ್ತಿಗೆ ಹೋದ. ಹೋಗುವಾಗ ಡ್ರೈವರ್ ಕೆಲಸ ಅಂದಿದ್ದರಂತೆ. ವಿಮಾನ ಇಳಿದ ಮೇಲೆ ಮರಳುಗಾಡಿಗೆ, ಎಣ್ಣೆ ಬಾವಿಗಳ ನಡುವೆ ಒಯ್ದು ಬಿಟ್ಟರು. ಅಲ್ಲಿ ಅವನು ಸೇರಿದ್ದು ವೈರ್‌ಲೈನ್ ಗ್ಯಾಂಗಿಗೆ.

ಹಾಗೆಂದರೇನು ಅಂತ ನಾನು ಕೇಳಿದ್ದೆ. "ಎಣ್ಣಿ ಬಾವಿ ನಮ್ಮ ಬೋರಿಗಿಂತ ಅಗಲ ಏನ್ ಇರೂದಿಲ್ಲಕ್ಕ," ಅಂದ. "ಆದ್ರ ಆಳ ಕೇಳಬ್ಯಾಡ. ಇಲ್ಲಿಂದ ನಡಕೊಂತ ಹೊಂಟ್ರ ಮುಂದಿನ ಊರು ಬರಬೇಕು, ಅಷ್ಟು ಕೆಳಗ ಹೋಗತೈತಿ."

ಅಂಥ ತೂತಿನೊಳಗೆ ಕಣ್ಣೂ ಹೋಗುವುದಿಲ್ಲ, ಕೈಯೂ ಹೋಗುವುದಿಲ್ಲ. ಸೈಕಲ್ಲಿನ ಸ್ಪೋಕಿಗಿಂತ ತುಸು ದಪ್ಪದ ಉಕ್ಕಿನ ತಂತಿಗೆ ಹತಾರ ಕಟ್ಟಿ ಇಳಿಸುತ್ತಾರೆ. ಒಂದು ಅಳೆಯುತ್ತದೆ, ಒಂದು ಕತ್ತರಿಸುತ್ತದೆ, ಒಂದು ಕೆಳಗೆ ಬಿದ್ದದ್ದನ್ನು ಕಚ್ಚಿ ಮೇಲೆ ತರುತ್ತದೆ. ಕೆಳಗೆ ಏನಾಯಿತು ಎಂಬುದನ್ನು ತಂತಿಯ ಎಳೆತದಿಂದಲೇ ತಿಳಿಯಬೇಕು. ಅಲ್ಲಿ ಇನ್ನೊಂದು ನಿಯಮವೂ ಇತ್ತಂತೆ. ಬಾವಿಯ ಬಾಯಿ ತೆರೆದಿಟ್ಟು ಯಾರೂ ಚಹಾಕ್ಕೂ ಹೋಗುವಂತಿಲ್ಲ. ಒಂದು ನಟ್ಟು ಒಳಗೆ ಬಿದ್ದರೂ ಕೋಟಿಗಟ್ಟಲೆ ಕೆಲಸ ನಿಂತುಹೋಗುತ್ತದೆ. ಎಣ್ಣೆ ಬಾವಿಗೆ ನಟ್ಟು ಬೀಳಬಾರದು ಅಂತ ಅಷ್ಟು ಕಾಳಜಿ ಮಾಡುವ ಲೋಕದಲ್ಲೇ, ಬೋರಿನ ಬಾಯಿ ತೆರೆದೇ ಬಿಡುವ ನಮ್ಮ ಊರುಗಳೂ ಇವೆ ಅನ್ನುವುದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಮಸ್ಕತ್ತಿನಲ್ಲಿ ಕೆಲಸ ಕಡಿಮೆಯಾಗಿ ಗ್ಯಾಂಗು ಒಡೆದಾಗ ಅವನು ಊರಿಗೆ ಬಂದ. ಇಲ್ಲಿ ನೋಡಿದರೆ ಹೊಲಕ್ಕೊಂದರಂತೆ ಬೋರು, ಬೋರಿಗೊಂದರಂತೆ ಸಿಕ್ಕಿಬಿದ್ದ ಮೋಟಾರು. ನಮ್ಮವರು ಮೋಟಾರು ಸಿಕ್ಕಿತೆಂದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುತ್ತಾರೆ. ಹಗ್ಗ ಹರಿದು ಮೋಟಾರಿನ ಮೇಲೆ ಬೀಳುತ್ತದೆ. ಆಮೇಲೆ ತಲೆ ಮೇಲೆ ಕೈಹೊತ್ತು ಇನ್ನೊಂದು ಬೋರು ಹೊಡೆಸುತ್ತಾರೆ. ಇಲಿಯಾಸ ಗಂಗಾವತಿಯ ಒಂದು ಲೇತ್ ಅಂಗಡಿಯಲ್ಲಿ ಠಿಕಾಣಿ ಹೂಡಿ ಮೂರು ಹತಾರ ಮಾಡಿಸಿಕೊಂಡ. ಅಕ್ಕಿ ಗಿರಣಿಗಳ ರಿಪೇರಿ ಬಿಟ್ಟು ಬೇರೆ ಗೊತ್ತಿಲ್ಲದ ಆ ಲೇತಿನವನು, ಇವನು ಕೈಯಲ್ಲಿ ಗಾಳಿಗೆ ಬರೆದು ತೋರಿಸಿದ್ದನ್ನು ಬೈಯುತ್ತ ಬೈಯುತ್ತಲೇ ಮಾಡಿಕೊಟ್ಟನಂತೆ.

ಒಂದು, ಬುಡಕ್ಕೆ ಬಟ್ಟೆ ಸಾಬೂನು ಮೆತ್ತಿದ ಕಬ್ಬಿಣದ ಗುಂಡು. ಅದನ್ನು ಇಳಿಸಿ, ತಳ ಮುಟ್ಟಿಸಿ ಮೇಲೆತ್ತಿದರೆ ಕೆಳಗೆ ಇರುವುದು ಪೈಪಿನ ಬಾಯೋ, ಹಗ್ಗವೋ, ಕೇಬಲ್ಲೋ, ಅದರ ಅಚ್ಚು ಸಾಬೂನಿನಲ್ಲಿ ಬಿದ್ದಿರುತ್ತದೆ. ಎರಡನೆಯದು ಟೋಪಿ, ಪೈಪನ್ನು ಹೊರಗಿನಿಂದ ಕವುಚಿ ಹಿಡಿಯುವುದು. ಮೂರನೆಯದು ಈಟಿ. ಆಳೆತ್ತರದ, ಇಬ್ಬರು ಹೊರುವಷ್ಟು ಭಾರದ ಕಬ್ಬಿಣ. ಪೈಪಿನೊಳಗೆ ಇಳಿಯುವಾಗ ಅದರ ಹಲ್ಲುಗಳು ಮಡಚಿಕೊಳ್ಳುತ್ತವೆ, ಮೇಲೆ ಎಳೆದರೆ ಬಿಚ್ಚಿಕೊಂಡು ಕಚ್ಚುತ್ತವೆ. ಎಳೆದಷ್ಟೂ ಗಟ್ಟಿ ಕಚ್ಚುತ್ತವೆ. ಇಂಥದ್ದು ಅಳವಂಡಿ, ಯಲಬುರ್ಗಾ, ಕುಷ್ಟಗಿ ಎಲ್ಲ ಸುತ್ತಿದರೂ ಇನ್ನೊಂದಿರಲಿಲ್ಲ. ಹಳೆಯ ಗಾಡಿಯೊಂದರ ಮೇಲೆ ತಂತಿ ಸುತ್ತುವ ಯಂತ್ರ ಕೂರಿಸಿದ. ಅದರ ಬ್ರೇಕು ಹಿಡಿಯಲು ಓಬಳೆಪ್ಪ ಜೊತೆಯಾದ. ಓಬಳೆಪ್ಪನಿಗೆ ದಿನಕ್ಕೆ ಮಾತು ಕಡಿಮೆ, ರೊಟ್ಟಿ ಜಾಸ್ತಿ.

ಮೋಟಾರು ಎತ್ತುವುದರಿಂದ ಮನೆ ನಡೆಯುತ್ತಿತ್ತು. ಕೈತುಂಬ ಬರುತ್ತಿದ್ದದ್ದು ಈಟಿಯಿಂದ ಕೇಸಿಂಗ್ ಕೀಳುವುದರಿಂದ. ಬೋರು ಹೊಡೆಸುವಾಗ ಮೇಲಿನ ಸಡಿಲ ಮಣ್ಣು ಕುಸಿಯದಿರಲಿ ಅಂತ ಬಂಡೆ ಸಿಗುವ ತನಕ ದಪ್ಪ ಪೈಪು ಇಳಿಸುತ್ತಾರಲ್ಲ, ಅದೇ ಕೇಸಿಂಗ್. ಹಳೆಯ ಬೋರುಗಳಲ್ಲಿ ಅದು ಗಟ್ಟಿ ಕಬ್ಬಿಣದ್ದು. ಬೋರು ಬತ್ತಿದರೆ ರೈತರು ಅದನ್ನು ಕೀಳಿಸಿ ಹೊಸ ಬೋರಿಗೆ ಹಾಕುತ್ತಾರೆ, ಇಲ್ಲವೇ ಗುಜರಿಗೆ ಮಾರುತ್ತಾರೆ. ಕೇಸಿಂಗ್ ನಿಂತಿದ್ದರೆ ಮೇಲೊಂದು ಮುಚ್ಚಳ ಬಡಿದರೆ ಸಾಕು. ಕಿತ್ತರೆ ಬಾಯಿಯ ಮಣ್ಣು ಕುಸಿಯುತ್ತ ಹೋಗಿ, ತೂತು ಬುಟ್ಟಿಯಷ್ಟು ಅಗಲವಾಗುತ್ತದೆ. ಅದನ್ನು ಕಲ್ಲು ಮಣ್ಣು ತುಂಬಿ ಮುಚ್ಚಬೇಕು. ನಮ್ಮಲ್ಲಿ ಯಾರೂ ಮುಚ್ಚುವುದಿಲ್ಲ. ಒಂದು ಗೋಣಿಚೀಲ ತುರುಕಿ, ಮೇಲೊಂದು ಕಲ್ಲಿಟ್ಟು ಕೈ ಝಾಡಿಸಿ ಎದ್ದುಹೋಗುತ್ತಾರೆ.

ಯಾಕೆ ಮುಚ್ಚುವುದಿಲ್ಲ ಅಂದರೆ ಎರಡು ಮಾತು ಹೇಳುತ್ತಾರೆ. ಬೋರು ಹೊಡೆಸುವಾಗ ಅಲ್ಲಿ ಗಂಗವ್ವನಿಗೆ ಕಾಯಿ ಒಡೆದು, ಕುಂಕುಮ ಹಚ್ಚಿ ಪೂಜೆ ಮಾಡಿದ್ದೇವೆ, ಅವಳ ಬಾಯಿಗೆ ಮಣ್ಣು ಹಾಕಬಾರದು ಎಂಬುದು ಒಂದು. ಮುಂದಿನ ವರ್ಷ ಮಳೆ ಚೆನ್ನಾದರೆ ಅದೇ ಬೋರಿಗೆ ನೀರು ಬಂದರೂ ಬರಬಹುದು ಎಂಬುದು ಇನ್ನೊಂದು. ಮೋಟಾರಿಲ್ಲ, ಪೈಪಿಲ್ಲ, ಕೇಸಿಂಗೂ ಇಲ್ಲ, ಆದರೂ ನೀರು ತಾನಾಗಿ ಎದ್ದು ಬರುತ್ತದೆ ಅಂತ ಇವರ ಆಸೆ. ಆಸೆಗೆ ನಾನು ಬೈಯುವುದಿಲ್ಲ. ಆ ಗೋಣಿಚೀಲಕ್ಕೆ ಬೈಯುತ್ತೇನೆ.

ಹೋದ ವರ್ಷದ ತನಕ ಇಲಿಯಾಸನೂ ಕೇಸಿಂಗ್ ಕಿತ್ತು ಚೀಲ ತುರುಕಿ ಬರುತ್ತಿದ್ದವನೇ. ಹೊಲ ಅವರದು, ಬೋರು ಅವರದು, ನನಗ್ಯಾಕೆ ಅನ್ನುತ್ತಿದ್ದ. ಆಮೇಲೆ ದುರಗವ್ವನ ಆಡಿನ ಮರಿ ಬಿತ್ತು. ದುರಗವ್ವ ನಮ್ಮ ಓಣಿಯವಳು, ಒಂಟಿ ಹೆಂಗಸು, ಆಡು ಮೇಯಿಸಿಕೊಂಡು ಇರುವವಳು. ಮಣ್ಣಾದ ಚೀಲದ ಮೇಲೆ ಮರಿ ಕಾಲಿಟ್ಟಿದೆ, ಚೀಲದ ಸಮೇತ ಕೆಳಗೆ ಹೋಗಿದೆ. ಅದು ಇಲಿಯಾಸನೇ ಕೇಸಿಂಗ್ ಕಿತ್ತಿದ್ದ ಬೋರು.

ಅವನು ಗಾಡಿ ತೆಗೆದುಕೊಂಡು ಓಡಿದ, ನಾನೂ ಹೋದೆ. ಕೆಳಗಿನಿಂದ ಮರಿಯ ದನಿ ಕೇಳುತ್ತಿತ್ತು. ದುರಗವ್ವ, "ಹೆಂಗರ ಮಾಡಿ ತಗಿಯೋ ಯಪ್ಪಾ, ನಿನ್ನ ಕಡೆ ಎಲ್ಲಾ ಸಾಮಾನು ಅದಾವ," ಅಂದಳು. ಇಲಿಯಾಸ ಗುಂಡು, ಟೋಪಿ, ಈಟಿ ಮೂರನ್ನೂ ನೆಲದ ಮೇಲೆ ಸಾಲಾಗಿ ಇಟ್ಟ. ಅವುಗಳನ್ನೇ ನೋಡುತ್ತ ನಿಂತ. ಒಂದನ್ನೂ ತಂತಿಗೆ ಕಟ್ಟಲಿಲ್ಲ.

"ದುರಗವ್ವ, ಇವು ಕಬ್ಬಿಣ ಹಿಡಿಯೋವು," ಅಂದ. "ಜೀವ ಹಿಡಿಯೋದು ನನ್ನ ಕಡೆ ಒಂದೂ ಇಲ್ಲ."

ದನಿ ನಿಲ್ಲುವ ತನಕ ಅವನು ಅಲ್ಲಿಂದ ಏಳಲಿಲ್ಲ. ಮರುದಿನವೇ ಆ ಬೋರನ್ನು ತಾನೇ ಕಲ್ಲು ತುಂಬಿ ಮುಚ್ಚಿದ. ಅಲ್ಲಿಂದ ಮುಂದೆ ಒಂದು ಮಾತು ಹಿಡಿದ. ಹೊಲದಲ್ಲಿ ಮೊದಲು ಗರಸಿನ, ಅಂದರೆ ಕಲ್ಲು ಬೆರೆತ ಮಣ್ಣಿನ ಟ್ರಾಲಿ ಬಂದು ನಿಲ್ಲಬೇಕು, ಆಮೇಲೆ ಈಟಿ ಇಳಿಯಬೇಕು. ಕಿತ್ತ ಕೈಯೇ ಮುಚ್ಚಬೇಕು. ಟ್ರಾಲಿ ಇಲ್ಲವೆಂದರೆ ಕೆಲಸವೂ ಇಲ್ಲ. ಬೇರೆ ಗ್ಯಾಂಗಿನವರು ಈಟಿಯನ್ನು ಕೇಳಿ ಒಯ್ಯುತ್ತಿದ್ದರು, ಅದನ್ನೂ ನಿಲ್ಲಿಸಿದ. ಊರವರು ಅವನಿಗೆ 'ಮಣ್ಣು ಹಾಕೋ ಸಾಬ' ಅಂತ ಹೆಸರಿಟ್ಟರು. ಕೆಲಸ ಅರ್ಧಕ್ಕೆ ಇಳಿಯಿತು. ಹೆಂಡತಿ ನಾಹೀದಾ ಹೊಲಿಗೆ ಯಂತ್ರದ ಮುಂದೆ ಮೊದಲಿಗಿಂತ ಹೆಚ್ಚು ಹೊತ್ತು ಕೂರತೊಡಗಿದಳು. ಆದರೂ ಇವನು ಜಗ್ಗಲಿಲ್ಲ.

ಈ ಸಲದ ಹತ್ತಿ ಬಿಡಿಸುವ ಹೊತ್ತಿಗೆ ಯಂಕೋಬ ಕರೆಸಿದ. ಯಂಕೋಬ ಅಂದರೆ ನಮ್ಮ ಕಡೆ ದೊಡ್ಡ ಕುಳ, ಒಂದು ಕಾಲಕ್ಕೆ ಪಂಚಾಯತಿ ಮೆಂಬರ್ ಆಗಿದ್ದವನು. ನನ್ನ ಹೋಟೆಲಿನ ಹಿಂದೆಯೇ ಅವನ ಹೊಲ. ಅದರಲ್ಲಿ ಬತ್ತಿದ ಐದು ಬೋರು, ಐದಕ್ಕೂ ಕಬ್ಬಿಣದ ಕೇಸಿಂಗ್. ಐದೂ ಬೇವಿನ ಮರದ ಆಸುಪಾಸಿನಲ್ಲೇ ಇವೆ. ಹತ್ತಿ ಬಿಡಿಸಲು ಬರುವ ಹೆಂಗಸರು ಕೂಸುಗಳನ್ನು ಸೀರೆ ಹಾಸಿ ಮಲಗಿಸುವುದು ಅದೇ ಮರದ ಕೆಳಗೆ. ನಡೆಯುವ ಕೂಸುಗಳು ಅಲ್ಲೇ ಆಡುತ್ತವೆ. ಇಲಿಯಾಸ ಅದನ್ನು ನೋಡಿಯೇ ಷರತ್ತನ್ನು ಎರಡು ಸಲ ಹೇಳಿದ. ಯಂಕೋಬ ನಕ್ಕು, "ಟ್ರಾಲಿ ತಾನೇ, ನಿಂದ್ರಸ್ತೀನಿ ಬಾರೋ," ಅಂದ.

ಹೇಳಿದ ಹಾಗೆ ಬೆಳಿಗ್ಗೆ ಟ್ರಾಲಿ ಬಂದು ನಿಂತಿತ್ತು, ತುಂಬ ಗರಸು. ಇಲಿಯಾಸನಿಗೆ ಖುಷಿಯಾಗಿ ನನ್ನಲ್ಲಿ ಎರಡು ಪ್ಲೇಟು ಒಗ್ಗರಣೆ ತಿಂದು ಹೋದ. ಮರಕ್ಕೆ ತೀರ ಹತ್ತಿರದ ಬೋರಿಗೆ ಈಟಿ ಇಳಿಸಿ, ಜಾಕಿ ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಕೇಸಿಂಗನ್ನು ಹೊರಗೆ ಹಾಕಿದರು. ಇಲಿಯಾಸ ಸಲಿಕೆ ಹಿಡಿದು ಟ್ರಾಲಿಯ ಕಡೆ ತಿರುಗುತ್ತಾನೆ, ಡ್ರೈವರ್ ಟ್ರ್ಯಾಕ್ಟರ್ ಚಾಲೂ ಮಾಡಿ ಹೊರಟೇಬಿಟ್ಟ. ಆ ಗರಸು ಯಂಕೋಬನ ಹೊಸ ಮನೆಯ ಪಾಯಕ್ಕೆ ತರಿಸಿದ್ದು. ಇವನ ಕಣ್ಣಿಗೆ ಕಾಣಲಿ ಅಂತ ದಾರಿಯಲ್ಲಿ ಹೊಲಕ್ಕೆ ತಿರುಗಿಸಿದ್ದರು ಅಷ್ಟೆ.

ರೊಟ್ಟಿ ಬುತ್ತಿ ಹೊತ್ತು ನಾನು ಹೋದಾಗ ಇಲಿಯಾಸ ತೂತಿನ ಬಾಯಿಗೆ ಹಲಗೆಯೊಂದನ್ನು ಅಡ್ಡ ಹಾಕಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ಯಂಕೋಬ, ಸೊಂಟದ ಮೇಲೆ ಕೈ.

"ಏಳೋ ಇಲಿಯಾಸ, ಉಳಿದ ನಾಕು ತಗಿ. ನಾ ಆಮ್ಯಾಲೆ ಮುಚ್ಚಸ್ತೀನಿ."

"ಟ್ರಾಲಿ ತರಸ್ರಿ ಸಾಹುಕಾರ್ರ, ಏಳ್ತೀನಿ."

"ಗಂಗವ್ವನ ಬಾಯಾಗ ಮಣ್ಣು ಹಾಕು ಅಂತೀಯಲ್ಲ, ನಿಮ್ಮ ಮಂದಿಗೆ ಇದು ತಿಳಿಯೂದಿಲ್ಲ ಬಿಡು."

ಆ ಮಾತು ಕೇಳಿ ನನ್ನ ಮೈ ಉರಿಯಿತು. ಬುತ್ತಿಯನ್ನು ಕೆಳಗಿಟ್ಟೆ. "ಯಂಕೋಬಣ್ಣ, ನನಗ ತಿಳೀತೈತಲ್ಲ, ನನಗ ಹೇಳು. ಗಂಗವ್ವನ ಬಾಯಾಗ ಮಣ್ಣು ಹಾಕಬಾರದು, ಗೋಣಿಚೀಲ ತುರುಕಬಹುದೇನು? ಆಕಿ ಮೈಮ್ಯಾಲಿನ ಕಬ್ಬಿಣ ಕಿತ್ತು ಗುಜರಿಗೆ ಮಾರಬಹುದೇನು?" ಅಂದೆ. ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಇತ್ತ ನೋಡಿದರು. ಒಬ್ಬಿಬ್ಬರು ನಕ್ಕರು. ಯಂಕೋಬನ ಮುಖ ಕೆಂಪಾಯಿತು.

ಅವನು ಫೋನ್ ತೆಗೆದು ನಾಹೀದಾಗೆ ಹಚ್ಚಿದ. ಎಲ್ಲರಿಗೂ ಕೇಳಲಿ ಅಂತ ದೊಡ್ಡ ದನಿಯಲ್ಲೇ ಇಟ್ಟ. ಹೆಂಡತಿ ಅತ್ತು ಕರೆದರೆ ಗಂಡ ಏಳುತ್ತಾನೆ ಎಂದು ಅವನ ಲೆಕ್ಕಾಚಾರ. "ನೋಡವಾ, ನಿನ್ನ ಗಂಡ ಬಿಸಿಲಾಗ ಬೋರಿನ ಮ್ಯಾಲೆ ಕುಂತಾನ. ಕೈಯಾಗಿನ ಕೆಲಸ ಕೆಡಿಸ್ಕೊಳ್ಳಾಕ ಹತ್ಯಾನ. ಒಂದು ಮಾತು ಹೇಳು," ಅಂದ.

ಹೊಲಿಗೆ ಯಂತ್ರದ ಸದ್ದು ನಿಂತಿತು. "ಬಿಸಿಲಾಗ ಕುಂತಾರೇನ್ರಿ?" ಅಂದಳು ನಾಹೀದಾ. "ಹಂಗಾದ್ರ ಛತ್ರಿ ಕಳಸ್ತೀನಿ." ಮತ್ತೆ ಯಂತ್ರದ ಸದ್ದು ಶುರುವಾಯಿತು. ಅಂಥ ಹೆಂಡತಿಯನ್ನು ಪಡೆಯಲು ಇಲಿಯಾಸ ಏನು ಪುಣ್ಯ ಮಾಡಿದ್ದನೋ ಗೊತ್ತಿಲ್ಲ.

ಇಷ್ಟರಲ್ಲಿ ಜೀಪೊಂದು ಬಂತು. ಕುಷ್ಟಗಿ ಕಡೆಯ ಗ್ಯಾಂಗಿನ ಮಂಜೂರ ಇಳಿದ. ಅವನೂ ಬೋರಿನ ಕೆಲಸದವನೇ, ಮೊದಲು ಇಲಿಯಾಸನಿಂದ ಈಟಿ ಒಯ್ಯುತ್ತಿದ್ದವನು. ಇಲಿಯಾಸ ಜಗ್ಗುವುದಿಲ್ಲ ಅಂತ ಗೊತ್ತಾದ ಕೂಡಲೇ ಯಂಕೋಬ ಅವನನ್ನು ಕರೆಸಿದ್ದ. ಮಂಜೂರ ಮುಜುಗರದಿಂದ ತಲೆ ಕೆರೆಯುತ್ತ ನಿಂತ.

"ಭಾಯಿ, ನೀವು ಕೀಳೂದು ಬ್ಯಾಡ, ನಿಮ್ಮ ಕೈಗೆ ಪಾಪ ಬ್ಯಾಡ," ಅಂದ. "ಈಟಿ ಕೊಡ್ರಿ. ಉಳಿದದ್ದು ನಾ ನೋಡ್ಕೋತೀನಿ."

"ನೀ ಮುಚ್ತೀಯೇನು?"

"ಮುಚ್ಚೂದು ಹೊಲದವರ ಕೆಲಸ, ಭಾಯಿ."

"ಕೊಡೂದಿಲ್ಲ," ಅಂದ ಇಲಿಯಾಸ.

ಯಂಕೋಬ ಆಗ ತನ್ನ ಆಳುಗಳಿಗೆ ಕೈ ಮಾಡಿದ. ಇಬ್ಬರು ಹೋಗಿ ಗಾಡಿಯ ಮುಂದೆ ಅಡ್ಡ ನಿಂತರು. "ಕೆಲಸ ಒಪ್ಪಿಕೊಂಡಿ, ಒಂದು ತಗದಿ. ಉಳಿದ ನಾಕು ಹೊರಗ ಬರೂತನಕ ಈ ಈಟಿ ನನ್ನ ಹೊಲ ಬಿಟ್ಟು ಹೋಗೂದಿಲ್ಲ. ನೀ ಕೀಳದಿದ್ರ ಮಂಜೂರ ಕೀಳ್ತಾನ. ತಿಳೀತಿಲ್ಲೋ?"

ಆಳುಗಳು ನಾಲ್ಕು ಮಂದಿ, ಇವರು ಇಬ್ಬರು. ಈಟಿ ಮಂಜೂರನ ಕೈಗೆ ಹೋದರೆ ಸಂಜೆಯೊಳಗೆ ಈ ಮರದ ಕೆಳಗೆ ಐದು ಬಾಯಿ ತೆರೆದಿರುತ್ತವೆ. ಇವತ್ತು ಇಲ್ಲಿ, ನಾಳೆ ಇನ್ನೊಂದು ಹೊಲದಲ್ಲಿ. ಇಲಿಯಾಸನ ಕೈ ಸ್ವಚ್ಛವಾಗಿದ್ದರೆ ಕೂಸುಗಳಿಗೆ ಬಂದ ಭಾಗ್ಯವೇನು? ಅವನಿಗೂ ಅದೇ ಹೊಳೆದಿರಬೇಕು. ಮರದ ಕೆಳಗಿನ ಸೀರೆಗಳ ಕಡೆ ಒಮ್ಮೆ ನೋಡಿದ, ಈಟಿಯ ಕಡೆ ನೋಡಿದ.

"ಹೊಲ ಬಿಟ್ಟು ಹೋಗಬಾರದು, ಅಷ್ಟ ಹೌದಲ್ರಿ?" ಅಂದ. "ಹೋಗೂದಿಲ್ಲ ಬಿಡ್ರಿ."

ಎದ್ದ. ಹಲಗೆಯನ್ನು ಸರಿಸಿದ. ಈಟಿಗೆ ತಂತಿಯ ಕೊಂಡಿ ಹಾಕಿ, ಬೋರಿನ ಮೇಲೆ ನಿಲ್ಲಿಸಿದ್ದ ಮೂರು ಕಾಲಿನ ಚೌಕಟ್ಟಿನ ಗಾಲಿಯ ಮೇಲಿಂದ ತೂತಿನ ಬಾಯಿಗೆ ತಂದು ನಿಲ್ಲಿಸಿದ. ಸೋತು ಕೆಲಸಕ್ಕೆ ತೊಡಗಿದ ಅಂದುಕೊಂಡ ಯಂಕೋಬ ಬೀಡಿ ಹಚ್ಚಿದ. ಮಂಜೂರನಿಗೆ ಮಾತ್ರ ಅನುಮಾನ ಬಂತು, ಕೇಸಿಂಗ್ ಇಲ್ಲದ ತೂತಿಗೆ ಈಟಿ ಯಾರು ಇಳಿಸುತ್ತಾರೆ?

"ಓಬಳೆಪ್ಪ, ಬ್ರೇಕ್ ಬಿಡು."

ಓಬಳೆಪ್ಪ ಬಿಡಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಆ ಕಬ್ಬಿಣದಲ್ಲಿ ಅವನ ಅನ್ನವೂ ಇದೆ. ಬ್ರೇಕಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಇಲಿಯಾಸನ ಮುಖವನ್ನೇ ನೋಡಿದ. ಇಲಿಯಾಸ ಗದರದೆ, ಈಟಿ ತೂಗಾಡದಂತೆ ಹಿಡಿದು ಕಾದ. ಓಬಳೆಪ್ಪ ಮೆಲ್ಲಗೆ ಬ್ರೇಕು ಸಡಿಲಿಸಿದ.

ಈಟಿ ಇಳಿಯಿತು. ಎಸೆಯುವುದು ಅವರಿಬ್ಬರ ಕೈಗೂ ಬಾರದ ಕೆಲಸ. ದಿನವೂ ಇಳಿಸುವ ಹಾಗೆಯೇ, ಗೋಡೆಗೆ ತಾಕದಂತೆ ತಂತಿಯ ಮೇಲೆ ಬೆರಳಿಟ್ಟು ಇಳಿಸಿದರು. ತಳ ಮುಟ್ಟಿ ತಂತಿ ಸಡಿಲವಾಯಿತು. ಇಲಿಯಾಸ ಗಾಡಿಯಿಂದ ಉಳಿ ಸುತ್ತಿಗೆ ತಂದು, ತಂತಿಯನ್ನು ಕೇಸಿಂಗ್ ಪೈಪಿನ ಮೇಲಿಟ್ಟು ಹೊಡೆದ. ಎರಡು ಏಟಿಗೆ ತಂತಿ ತುಂಡಾಯಿತು. ತುದಿ ಸರ್ರನೆ ತೂತಿನೊಳಗೆ ಸರಿದುಹೋಯಿತು.

ಯಂಕೋಬನ ಬೀಡಿ ಬಾಯಲ್ಲೇ ಉಳಿಯಿತು. ಇಲಿಯಾಸ ಬದುವಿನ ಮೇಲಿದ್ದ ಕಲ್ಲಿನ ರಾಶಿಗೆ ಹೋಗಿ, ಬುಟ್ಟಿ ತುಂಬಿ ತಂದು ತೂತಿಗೆ ಸುರಿದ. ಹಿಂದೆಯೇ ಓಬಳೆಪ್ಪ. ಅವನ ಹಿಂದೆ ನಾನು, ರೊಟ್ಟಿಯ ಬುಟ್ಟಿಯನ್ನೇ ಬರಿದು ಮಾಡಿಕೊಂಡು. ಹತ್ತಿ ಸಾಲಿನಲ್ಲಿ ಒಬ್ಬಾಕೆ ಉಡಿಯ ಹತ್ತಿಯನ್ನು ಚೀಲಕ್ಕೆ ಸುರಿದು ಬಂದಳು, ಆಮೇಲೆ ಉಳಿದವರೆಲ್ಲ ಬಂದರು. ಕೂಸಿನ ತಾಯಂದಿರು ಮುಂದೆ ನಿಂತರು. ಆಳುಗಳು ಯಂಕೋಬನ ಮುಖ ನೋಡಿದರು. ಆ ಹೆಂಗಸರಲ್ಲಿ ಇಬ್ಬರು ಅದೇ ಆಳುಗಳ ಹೆಂಡಂದಿರು, ಹಾಗಾಗಿ ಅವರು ಅಡ್ಡ ಬರುವ ಪ್ರಶ್ನೆಯೇ ಇರಲಿಲ್ಲ.

"ನನ್ನ ಬೋರು ಕೆಡಿಸಿದಿ. ಠಾಣಾಕ್ಕ ಹೋಗ್ತೀನಿ," ಅಂದ ಯಂಕೋಬ.

"ಹೋಗ್ರಿ," ಅಂದ ಇಲಿಯಾಸ, ಬುಟ್ಟಿ ಕೆಳಗಿಳಿಸದೆ. "ತೆರದ ಬೋರು ಮುಚ್ಯಾರ ಅಂತ ಬರದು ಕೊಡ್ರಿ. ನಾನೂ ಬಂದು ಹೌದು ಅಂತೀನಿ."

ಯಂಕೋಬ ಹೋಗಲಿಲ್ಲ. ಹೋಗಿ ಏನಂತ ಹೇಳುತ್ತಾನೆ? ಬಿಸಿಲು ಇಳಿಯುವ ಹೊತ್ತಿಗೆ ಕಲ್ಲು ಮೇಲೆ ಕಾಣತೊಡಗಿತು. ಮೇಲೆ ಮಣ್ಣು ಹಾಕಿ ತುಳಿದೆವು. ದುರಗವ್ವ ಎಲ್ಲಿಂದಲೋ ಆಡುಗಳನ್ನು ಹೊಡೆದುಕೊಂಡು ಬಂದವಳು ಸುದ್ದಿ ಕೇಳಿ ತಾನೂ ಒಂದು ಬೊಗಸೆ ಮಣ್ಣು ಹಾಕಿ ಹೋದಳು.

ಉಳಿದ ನಾಲ್ಕು ಕೇಸಿಂಗುಗಳು ಇವತ್ತಿಗೂ ಅಲ್ಲೇ ನಿಂತಿವೆ. ಇಲಿಯಾಸನೇ ಮುಚ್ಚಳ ಬೆಸೆದು ಬಂದ. ಈಗ ಅವನಿಗೆ ಮೋಟಾರು ಎತ್ತುವ ಕೆಲಸ ಮಾತ್ರ, ಸಂಪಾದನೆ ಅಷ್ಟಕ್ಕಷ್ಟೆ. ಓಬಳೆಪ್ಪ ವಾರದಲ್ಲಿ ಎರಡು ದಿನ ಮುನಿರಾಬಾದಿನ ಕಡೆ ಕೂಲಿಗೆ ಹೋಗುತ್ತಾನೆ, ಬಂದಾಗ ಮೊದಲಿನಷ್ಟೇ ರೊಟ್ಟಿ ತಿನ್ನುತ್ತಾನೆ. ಗಂಗಾವತಿಯ ಲೇತಿನವನು ತೀರಿಕೊಂಡ, ಅಂಥ ಈಟಿ ಮಾಡುವ ಕೈ ಸದ್ಯಕ್ಕೆ ಇನ್ನೊಂದಿಲ್ಲ. ಇಲಿಯಾಸ ಯಾರಿಗೂ ಅದರ ಅಳತೆ ಹೇಳುತ್ತಿಲ್ಲ.

ಮೊನ್ನೆ ಯಂಕೋಬ ನನ್ನ ಹೋಟೆಲಿಗೆ ಬಂದ. ಬೆಂಚಿನ ಮೇಲೆ ಇಲಿಯಾಸ ಚಹಾ ಕುಡಿಯುತ್ತಿದ್ದ. ಯಂಕೋಬ ಪಕ್ಕದಲ್ಲೇ ಕೂತು, ದನಿಗೆ ಬೆಲ್ಲ ಹಚ್ಚಿ ಮಾತಾಡಿದ. ಆದದ್ದಾಯಿತು, ಮೇಲಿನ ಕಲ್ಲು ಮಣ್ಣನ್ನೆಲ್ಲ ತಾನೇ ಬೋರಿನ ಲಾರಿ ತರಿಸಿ ಕೊರೆಸಿ ತೆಗೆಸುತ್ತಾನಂತೆ, ಈಟಿ ಮತ್ತೆ ಇಲಿಯಾಸನದೇ ಆಗಲಿ, ಆ ನಾಲ್ಕು ಕೇಸಿಂಗ್ ಮಾತ್ರ ಕಿತ್ತುಕೊಡಲಿ. "ಅಷ್ಟು ಆಳದಾಗ ಬಿದ್ದದ್ದು ಮ್ಯಾಲೆ ತರೋ ಮನಷಾ ಈ ಕಡೆ ಯಾವ ಅದಾನ, ಹೇಳು. ಎಲ್ಲಿದ್ರೂ ಕರಸ್ತೀನಿ," ಅಂದ.

ಇಲಿಯಾಸ ಬಸಿಯಲ್ಲಿ ಉಳಿದಿದ್ದ ಚಹಾವನ್ನು ಕುಡಿದು ಮುಗಿಸಿದ.

"ಒಬ್ಬನ ಅದಾನ್ರಿ ಸಾಹುಕಾರ್ರ," ಅಂದ. "ಆಂವಾ ತರೂದಿಲ್ಲ."